ಹೊಗೆಮನೆಯಲ್ಲಿ ತೂಗಿದ್ದ ಸೀಟು

"ಕಾರು ಬೇಕಾದ್ರೆ ಈಗಲೇ ತಗೊಂಡು ಹೋಗು. ಸೀಟಿನ ಸುದ್ದಿಗೆ ಮಾತ್ರ ಹೋಗಬೇಡ," ಎಂದಳು ವರ್ನಾ ಮೋಯರ್.

ರಸಲ್ ಟಿಯರ್ನಿ ಕಿಸಕ್ಕನೆ ನಕ್ಕ. ಆ ಹೊತ್ತಿನಲ್ಲಿ ಅವನಿಗೆ ಮುದುಕಿಯ ಮುಖ ನೋಡುವ ವ್ಯವಧಾನವೇ ಇರಲಿಲ್ಲ. ನೋಡಿದ್ದರೆ, ಮಾತಾಡುವಾಗ ಅವಳ ಕೆಳತುಟಿ ನಡುಗುತ್ತಿದ್ದದ್ದು, ಕೈಗಳೆರಡೂ ಏಪ್ರನ್ನಿನ ಅಡಿಯಲ್ಲಿ ಒಂದನ್ನೊಂದು ಹಿಸುಕುತ್ತಿದ್ದದ್ದು ಕಣ್ಣಿಗೆ ಬೀಳುತ್ತಿತ್ತು. ಅವನ ಕಣ್ಣೆಲ್ಲ ಕೊಟ್ಟಿಗೆಯ ಮೂಲೆಯಲ್ಲಿ, ಆಗಷ್ಟೇ ಕ್ಯಾನ್ವಾಸಿನ ಮುಸುಕು ತೆಗೆಸಿಕೊಂಡು ನಿಂತಿದ್ದ ತಿಳಿಹಸಿರು ಕಾರಿನ ಮೇಲಿತ್ತು. ಅರವತ್ತಮೂರನೇ ಇಸವಿಯ ರ‍್ಯಾಂಬ್ಲರ್. ಹಳೇ ಹುಲ್ಲಿನ ಧೂಳು, ಇಲಿ ಹಿಕ್ಕೆ, ಒಣಗಿದ ಗ್ರೀಸಿನ ವಾಸನೆ. ಆ ವಾಸನೆಯೇ ಅವನಿಗೆ ಅತ್ತರಿನ ಹಾಗೆ ತಲೆಗೇರಿತ್ತು.

ಹಳೇ ಕಾರಿನ ಹುಚ್ಚಿನವರಲ್ಲೂ ಮೇಲು ಕೀಳು ಇದೆ. ದುಡ್ಡಿದ್ದವರು ರೆಕ್ಕೆ ಚಾಚಿದ ಉದ್ದುದ್ದ ಕಾರುಗಳನ್ನು, ಗುಡುಗುವ ಎಂಜಿನ್ನಿನ ಕಾರುಗಳನ್ನು ಹುಡುಕಿಕೊಂಡು ಹೋಗುತ್ತಾರೆ. ರೆಡಿಂಗ್ ಪಟ್ಟಣದ ಗೋದಾಮಿನಲ್ಲಿ ಪಾಳಿ ದುಡಿಯುವ ರಸಲ್‌ನಂಥವನ ಕೈಗೆಟಕುವುದು ಇಂಥ ಪುಟ್ಟ ಗಾಡಿ. ಶಾಲೆಯ ಮೇಡಂ, ಚರ್ಚಿನ ಪಾದ್ರಿ, ಬ್ಯಾಂಕಿನ ಗುಮಾಸ್ತ ಕೊಂಡು, ಓಡಿಸಿ, ತುಕ್ಕು ಹಿಡಿದ ಮೇಲೆ ಗುಜರಿಗೆ ಹಾಕಿದ ಬಡಪಾಯಿ ಗಾಡಿಗಳವು. ಯಾರೂ ಜೋಪಾನ ಮಾಡಲಿಲ್ಲವಾದ್ದರಿಂದ ಕೈ ಸೋಕದೆ ಉಳಿದದ್ದು ಸಿಗುವುದೇ ಅಪರೂಪ. ಇದು ಸಿಕ್ಕಿತ್ತು. ಬಣ್ಣ ಕಾರ್ಖಾನೆಯಲ್ಲಿ ಬಳಿದದ್ದೇ. ರೇಡಿಯೋದ ಗುಂಡಿಗಳು ಅವೇ. ಗಾಲಿಯ ಮುಚ್ಚಳ ನಾಲ್ಕೂ ಇದ್ದವು. ಬಾನೆಟ್ಟಿನ ಒಳಗೆ ಅಂಟಿಸಿದ ಕಾಗದದ ಚೀಟಿ ಕೂಡ ಹರಿದಿರಲಿಲ್ಲ. ಬೆಲೆಯೋ, ಅವನ ಹೆಂಡತಿ ಕೋಲೀನ್ ಕೇಳಿದರೂ ಬೈಯದಷ್ಟು.

ಒಂದೇ ಒಂದು ಕೊರತೆ. ಇಬ್ಬರಿಗೂ ಸೇರಿ ಬೆಂಚಿನ ಹಾಗೆ ಒಂದೇ ಇರುವ ಮುಂದಿನ ಸೀಟು. ಹಸಿರು ಕಾರಿನೊಳಗೆ ಯಾವುದೋ ಬೇರೆ ಗಾಡಿಯ ಕಂದು ಬಣ್ಣದ ಸೀಟನ್ನು ತಂದು ಕೂರಿಸಿದ್ದರು. ಮದುವಣಗಿತ್ತಿಯ ಬಾಯಲ್ಲಿ ಒಂದು ಹುಳುಕು ಹಲ್ಲು ಇದ್ದ ಹಾಗೆ ಕಾಣುತ್ತಿತ್ತು.

"ಇದರ ಅಸಲಿ ಸೀಟು ಎಲ್ಲಿದೆ, ಮಿಸೆಸ್ ಮೋಯರ್?"

"ಎಲ್ಲಿರಬೇಕೋ ಅಲ್ಲಿದೆ."

"ಅದನ್ನೂ ಕೊಟ್ಟುಬಿಡಿ. ಬೇಕಾದ್ರೆ ಇನ್ನಷ್ಟು ಕೊಡ್ತೀನಿ."

"ನಿನಗೆ ಕಿವಿ ಕೇಳಿಸಲ್ವೇನಪ್ಪಾ?" ಮುದುಕಿ ದನಿ ತಗ್ಗಿಸಿದಳು. ಕೊಟ್ಟಿಗೆಯಲ್ಲಿ ಅವರಿಬ್ಬರನ್ನು ಬಿಟ್ಟರೆ ಯಾರೂ ಇಲ್ಲ. ಆದರೂ ಅವಳು ಹಿಂದೆ ತಿರುಗಿ ನೋಡಿಕೊಂಡಳು. "ನಮ್ಮಮ್ಮ ಹೆಕ್ಸ್ ಆಗಿದ್ದಳು. ಈ ಸೀಮೆಯೋರಿಗೆಲ್ಲ ಗೊತ್ತು. ನೀನು ಹೊಸಬ, ನಿನಗೆ ಗೊತ್ತಿಲ್ಲ."

ಆ ಕಡೆಯ ಜರ್ಮನ್ ಮೂಲದವರು ಮಾಟಗಾತಿಗೆ ಹೆಕ್ಸ್ ಎನ್ನುತ್ತಾರೆಂದು ರಸಲ್ ಕೇಳಿದ್ದ. ಕೊಟ್ಟಿಗೆಗಳ ಗೋಡೆಗೆ ನಕ್ಷತ್ರದ ಚಿತ್ರ ಬರೆಸುವುದು, ಹಸುವಿಗೆ ದೃಷ್ಟಿ ತಾಗಿದರೆ ಮಂತ್ರ ಹಾಕಿಸುವುದು, ಎಲ್ಲ ನೋಡಿದ್ದ. ಕ್ಯಾಮ್ಡನ್ ನಗರದಿಂದ ಇಲ್ಲಿಗೆ ಬಂದು ವರ್ಷ ತುಂಬುವುದರೊಳಗೆ, ಇವರೆಲ್ಲ ಒಂದು ಸುತ್ತು ಕಡಿಮೆ ಎಂದು ತೀರ್ಮಾನಿಸಿಯೂ ಆಗಿತ್ತು.

"ನನ್ನ ಗಂಡ ಲಮಾರ್ ಈ ಕಾರು ತಂದ," ವರ್ನಾ ಹೇಳಿದಳು. "ತಂದು ನನ್ನನ್ನ ಕೂರಿಸಲಿಲ್ಲ. ಅಂಗಿ ಫ್ಯಾಕ್ಟರಿಯ ಐರೀನ್‌ನ ಕೂರಿಸಿಕೊಂಡು ಊರೆಲ್ಲ ತಿರುಗಿದ. ನಾನು ಅಮ್ಮನ ಮುಂದೆ ಹೋಗಿ ಅತ್ತೆ. ಅಮ್ಮ ಸೀಟಿನ ಬಲಗಡೆ, ಹೆಂಡತಿ ಕೂರೋ ಕಡೆ, ಬಿಚ್ಚಿ ಏನೋ ಇಟ್ಟು ಹೊಲಿದಳು. ಹುಂಜದ ಕಾಲಿನ ನರ, ಹೆಣದ ಪೆಟ್ಟಿಗೆಯ ಮೊಳೆ, ನನ್ನ ಕೂದಲು. ನನ್ನ ಮಗಳ ಜಾಗದಲ್ಲಿ ಕೂತವಳು ಮತ್ತೆ ಏಳಬಾರದು ಅಂದಳು. ಐರೀನ್ ಕೂತಳು. ಏಳಲಿಲ್ಲ. ಕೊನೆಗೆ ಅವಳನ್ನ ಸೀಟಿನಿಂದ ಕಿತ್ತು ಎತ್ತಿಕೊಂಡು ಹೋದರು. ಇವತ್ತಿಗೂ ದಿಕ್ಕಿಲ್ಲದವರ ಆಶ್ರಮದಲ್ಲಿ ಬಿದ್ದಿದ್ದಾಳೆ, ಸೊಂಟದ ಕೆಳಗೆ ಜೀವ ಇಲ್ಲ."

"ಮತ್ತೆ ಸುಟ್ಟುಹಾಕಬೇಕಿತ್ತು, ಆ ಸೀಟನ್ನ."

"ಸುಟ್ವಿ. ಒಂದು ಮೂಲೆ ಹತ್ತಿಕೊಳ್ತು. ಅಲ್ಲಿ ಆಸ್ಪತ್ರೆಯಲ್ಲಿ ಐರೀನ್ ಬೊಬ್ಬೆ ಹೊಡೆದಳು. ಅವಳ ಕಾಲಲ್ಲಿ ಸುಟ್ಟ ಗುಳ್ಳೆ ಎದ್ದಿತ್ತು. ಅದರ ಮೇಲೆ ಕೊನೇಲಿ ಕೂತವಳ ಕಾಲು ಅದರೊಳಗಿದೆ, ಗೊತ್ತಾಯ್ತಾ? ಮಂತ್ರದವನು ಬಂದು ನೋಡಿದ. ಕಾರು ಬೇರೆ, ಸೀಟು ಬೇರೆ ಇರಲಿ, ಬೇರೆ ಇದ್ದರೆ ಎರಡಕ್ಕೂ ಶಕ್ತಿ ಇಲ್ಲ ಅಂದ. ನಮ್ಮಮ್ಮ ಸತ್ತಳು, ಲಮಾರ್ ಸತ್ತ. ನಾನಿನ್ನು ಎಷ್ಟು ದಿನ? ಕಾರು ದೂರ ಹೋಗಲಿ ಅಂತ ಮಾರ್ತಿದ್ದೀನಿ."

ರಸಲ್ ತುಂಬಾ ಗಂಭೀರವಾಗಿ ತಲೆಯಾಡಿಸಿದ. ಕಾರನ್ನು ತನ್ನ ಮನೆಯ ಕೊಟ್ಟಿಗೆಗೆ ತಂದು ನಿಲ್ಲಿಸಿ, ಅಡುಗೆಮನೆಯಲ್ಲಿ ಮುದುಕಿಯ ನಡುಗುವ ದನಿಯನ್ನು ಅಣಕಿಸಿ ಅಣಕಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಕೋಲೀನ್ ನಗಲಿಲ್ಲ. ಅವಳು ಆ ಊರಿನ ಅಂಚೆಯವಳು. ಗುಡ್ಡದ ಮೇಲಿನ ಬೀದಿಗಳಿಗೆಲ್ಲ ಚೀಲ ಹೊತ್ತು ಕಾಲ್ನಡಿಗೆಯಲ್ಲೇ ಹೋಗಬೇಕಾದ ಕೆಲಸ. ಗಂಡಸರೇ ಬೇಡವೆಂದು ಬಿಟ್ಟದ್ದನ್ನು ಕೇಳಿ ಪಡೆದಿದ್ದಳು. ಶನಿವಾರ ಸಂಜೆ ಅಗ್ನಿಶಾಮಕ ಸಂಘದ ಸಭಾಂಗಣದಲ್ಲಿ ಪೋಲ್ಕಾ ಕುಣಿತ. ಅಲ್ಲಿ ರೈತರ ಜೊತೆ, ಮುದುಕರ ಜೊತೆ, ಯಾರು ಕರೆದರೆ ಅವರ ಜೊತೆ ಬೆವರು ಹರಿಯುವಂತೆ ಕುಣಿಯುತ್ತಿದ್ದಳು. ಅವಳಿಗೆ ಅವಳ ಕಾಲೇ ಐಶ್ವರ್ಯ. ಹಾಗೆಂದು ಬಾಯಿಬಿಟ್ಟು ಹೇಳುತ್ತಲೂ ಇದ್ದಳು.

"ಆ ಸೀಟಿನ ಗೋಜಿಗೆ ಹೋಗಬೇಡ ಮಾರಾಯ. ಕಾರು ಚೆನ್ನಾಗಿದೆ, ಕಂದು ಸೀಟು ಮೆತ್ತಗಿದೆ. ಮತ್ತಿನ್ನೇನು?"

"ಮತ್ತಿನ್ನೇನಾ? ಹಳೇ ಕಾರುಗಳ ಸ್ಪರ್ಧೆಯಲ್ಲಿ ತೀರ್ಪುಗಾರರು ಬಾಗಿಲು ತೆಗೆದ ತಕ್ಷಣ ಕಾಣೋದೇ ಅದು ಕಣೇ. ಕಾರ್ಖಾನೆಯಿಂದ ಹೊರಟ ಹಾಗೇ ಇರಬೇಕು. ಒಂದು ಮೊಳೆ ಬದಲಾಗಿದ್ರೂ ಅಂಕ ಕಿತ್ತುಕೊಳ್ತಾರೆ."

"ಕಿತ್ತುಕೊಳ್ಳಲಿ ಬಿಡು. ನಿನಗೆ ಅಂಕ ಕೊಡೋಕೆ ನಾನಿಲ್ವಾ?"

ಅವನು ನಕ್ಕು ಅವಳ ಕೆನ್ನೆ ಹಿಂಡಿದ. ಆದರೆ ಹುಳ ಹೊಕ್ಕಾಗಿತ್ತು. ಕೆಲಸ ಮುಗಿಸಿ ಬಂದವನು ಊಟಕ್ಕೂ ಮೊದಲು ಕೊಟ್ಟಿಗೆಗೆ ಹೋಗುತ್ತಿದ್ದ. ಬಣ್ಣಕ್ಕೆ ಹತ್ತಿ ಬಟ್ಟೆಯಲ್ಲಿ ಮೇಣ ತಿಕ್ಕುತ್ತಿದ್ದ. ಎಡಬಾಗಿಲ ಮೇಲೆ, ಲಮಾರ್ ಮೊಣಕೈ ಊರಿ ಊರಿ ಬಣ್ಣ ಸವೆದ ಜಾಗ ಒಂದಿತ್ತು. ಅದನ್ನೂ ಮುಟ್ಟದೆ ಹಾಗೇ ಬಿಟ್ಟ. ಅದು ಹಳತನದ ಗುರುತು, ಅದಕ್ಕೆ ಬಣ್ಣ ಬಳಿಯುವುದು ಪಾಪ ಎನ್ನುವುದು ಹಳೇ ಕಾರಿನ ಹುಚ್ಚಿನವರ ನಿಯಮ. ಎಲ್ಲ ಮುಗಿಸಿ ಬಾಗಿಲು ತೆಗೆದರೆ ಆ ಕಂದು ಸೀಟು. ಅದನ್ನು ನೋಡಿದಾಗಲೆಲ್ಲ ಅವನಿಗೆ ಮೈ ಉರಿಯುತ್ತಿತ್ತು.

ಆಮೇಲೆ ಅವನು ಮಾಡಿದ್ದು ಶುದ್ಧ ಕಳ್ಳತನ. ಅದಕ್ಕೆ ಬೇರೆ ಹೆಸರಿಲ್ಲ.

ಭಾನುವಾರ ಬೆಳಿಗ್ಗೆ ವರ್ನಾ ಚರ್ಚಿಗೆ ಹೋಗುವುದು ಊರಿಗೇ ಗೊತ್ತು. ಕೋಲೀನ್‌ಗೆ, ಒಹಾಯೋದ ಗುಜರಿಯಲ್ಲಿ ಅದೇ ಬಣ್ಣದ ಸೀಟು ಸಿಕ್ಕಿದೆ ಎಂದು ಸುಳ್ಳು ಹೇಳಿ ವ್ಯಾನು ತೆಗೆದುಕೊಂಡು ಹೊರಟ. ಮೋಯರರ ಮನೆಯ ಹಿಂದೆ ಕಲ್ಲಿನ ಹೊಗೆಮನೆ; ಹಿಂದೆ ಹಂದಿ ತೊಡೆಗಳನ್ನು ನೇತುಹಾಕಿ ಹೊಗೆ ಕೊಡುತ್ತಿದ್ದ ಕೋಣೆ. ಬಾಗಿಲಿಗೆ ಅಡ್ಡಡ್ಡ ಹಲಗೆ ಹೊಡೆದಿದ್ದನ್ನು ಕಾರು ಕೊಂಡ ದಿನವೇ ನೋಡಿ, ಸೀಟು ಅಲ್ಲೇ ಇರಬೇಕೆಂದು ಲೆಕ್ಕ ಹಾಕಿದ್ದ. ಮೀಟುಗೋಲು ಹಾಕಿ ಕಿತ್ತ. ಒಳಗೆ ಕಗ್ಗತ್ತಲು. ಗೋಡೆಗೆಲ್ಲ ಮಸಿ. ಹಳೇ ಕೊಬ್ಬು, ಉಪ್ಪು, ಹಿಕರಿ ಮರದ ಹೊಗೆ ಗಂಟಲಿಗೆ ಅಡರಿದವು. ಅದರ ಕೆಳಗೆ ಮತ್ತೊಂದು ವಾಸನೆ, ಕೋಳಿ ಪುಕ್ಕ ಸುಟ್ಟಂಥದ್ದು. ಟಾರ್ಚು ಮೇಲೆತ್ತಿದ. ತೊಲೆಗೆ ಸರಪಳಿ ಬಿಗಿದು, ನೆಲ ಸೋಕದಂತೆ, ಗೋಡೆ ಸೋಕದಂತೆ, ಸೀಟನ್ನು ನಟ್ಟ ನಡುವೆ ತೂಗಿಬಿಟ್ಟಿದ್ದರು.

ತಿಳಿಹಸಿರು ಬಟ್ಟೆ. ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಒಂದು ಮೂಲೆಯಷ್ಟೇ ಕಪ್ಪಗೆ ಕರಕಲಾಗಿತ್ತು. ಗಾಳಿ ಇಲ್ಲದ ಆ ಕೋಣೆಯಲ್ಲಿ ಸೀಟು ಮೆಲ್ಲಗೆ ತೂಗುತ್ತಿತ್ತು. ತಾನು ಬಾಗಿಲು ಕಿತ್ತ ರಭಸಕ್ಕೆ ಎಂದುಕೊಂಡ. ಕರಕಲು ಮೂಲೆ ಕೆಳಗಡೆ ಬರುತ್ತದೆ, ಯಾರಿಗೂ ಕಾಣುವುದಿಲ್ಲ ಎಂದು ಸಮಾಧಾನವನ್ನೂ ಮಾಡಿಕೊಂಡ. ಇಳಿಸಿ ಹೆಗಲಿಗೆ ಹಾಕಿಕೊಂಡಾಗ ಅದು ಅವನೆಣಿಸಿದ್ದಕ್ಕಿಂತ ಭಾರವಿತ್ತು. ಒಳಗಿನ ಸ್ಪ್ರಿಂಗುಗಳು, ಮಲಗಿದ್ದವರು ಮಗ್ಗುಲು ಬದಲಿಸಿದಂತೆ, ಒಮ್ಮೆ ಕಿರುಗುಟ್ಟಿ ಸುಮ್ಮನಾದವು.

ಸ್ಪರ್ಧೆಯ ಹಿಂದಿನ ದಿನ ಸೀಟು ಕೂರಿಸಿದ. ಬೋಲ್ಟುಗಳು ತಾವಾಗಿಯೇ ತೂತು ಹುಡುಕಿಕೊಂಡ ಹಾಗೆ ಸಲೀಸಾಗಿ ಇಳಿದವು. ಸೋಪು ಹಾಕಿ ತಿಕ್ಕಿದ್ದರೂ ಹೊಗೆಯ ವಾಸನೆ ಪೂರ್ತಿ ಹೋಗಿರಲಿಲ್ಲ. ಹೋಗದಿದ್ದರೇನು. ಬಾಗಿಲು ತೆಗೆದು ನಿಂತು ನೋಡಿದ. ಹಸಿರು ಹೊರಗೆ, ಹಸಿರು ಒಳಗೆ. ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಎಡಗಡೆ ಕೂತು ಸ್ಟೀರಿಂಗು ಹಿಡಿದು, ಮಗುವಿನ ಹಾಗೆ ಹಾರ್ನು ಬಾರಿಸಿದ.

ಮಧ್ಯಾಹ್ನ ಕೆಲಸ ಮುಗಿಸಿ ಬಂದ ಕೋಲೀನ್ ಅಂಚೆಚೀಲ ಇಳಿಸಿ ಕೊಟ್ಟಿಗೆಗೆ ಇಣುಕಿದಳು.

"ಬಾ ಬಾ, ಕೂತ್ಕೋ. ಗುಡ್ಡದವರೆಗೆ ಒಂದು ಸುತ್ತು ಹೋಗಿಬರೋಣ."

"ಏನೋ ಸುಟ್ಟ ವಾಸನೆ."

"ಗುಜರಿಯ ಸೀಟಲ್ವಾ? ಹೋಗುತ್ತೆ."

"ಒಹಾಯೋದ್ದೇ ತಾನೆ? ನನ್ನ ಮೇಲಾಣೆ ಇಟ್ಟು ಹೇಳು."

"ನಿನ್ನಾಣೆ," ಎಂದ ರಸಲ್. ನಾಲಗೆ ತಡವರಿಸಲೂ ಇಲ್ಲ.

ಅವಳು ಬೂಟು ಬಿಚ್ಚಿ, ದಿನವಿಡೀ ನಡೆದ ಪಾದಗಳನ್ನು ಚಾಚಿ, ಅಮ್ಮಾ ಎಂದು ಸುಖದಿಂದ ನಿಟ್ಟುಸಿರಿಟ್ಟು ಬಲಗಡೆ ಕೂತಳು. ಗಂಡನ ಹುಚ್ಚು ಅವಳಿಗೆ ಕೋಪ ತರಿಸುತ್ತಿರಲಿಲ್ಲ, ನಗು ತರಿಸುತ್ತಿತ್ತು. ಕಾರು ಗುಡ್ಡ ಹತ್ತಿತು, ಇಳಿಯಿತು. ರೇಡಿಯೋ ಕರಕರ ಎಂದಿತು. ರಸ್ತೆಯ ಪಕ್ಕದ ಮೇಪಲ್ ಮರಗಳು ಕೆಂಪು ಎಲೆ ಉದುರಿಸುತ್ತಿದ್ದವು. ಅವಳು ಅವನ ಭುಜಕ್ಕೆ ತಲೆಯಿಟ್ಟು, "ನಾಳೆ ಗೆದ್ರೆ ನೀನು ನನ್ನ ಜೊತೆ ಪೋಲ್ಕಾ ಕುಣೀಬೇಕು, ತಪ್ಪಿಸ್ಕೊಳ್ಳೋ ಹಾಗಿಲ್ಲ," ಎಂದಳು. ಅವನು ಹೂಂ ಎಂದ. ಆ ಒಂದು ಸುತ್ತು ಅವರಿಬ್ಬರೂ ತುಂಬಾ ಸಂತೋಷವಾಗಿದ್ದರು.

ಕೊಟ್ಟಿಗೆಗೆ ವಾಪಸು ಬಂದು ಎಂಜಿನ್ನು ಆರಿಸಿದ. ಇಳಿದ. ಅವಳು ಇಳಿಯಲಿಲ್ಲ.

"ಕಾಲು ಜೋಮು ಹಿಡಿದಿದೆ ಕಣೋ. ಕೈ ಕೊಡು."

ಕೈ ಕೊಟ್ಟ. ಎಳೆದ. ಅವಳ ತೋಳು ಬಂತು, ಹೆಗಲು ಬಂತು, ಸೊಂಟ ಬರಲಿಲ್ಲ. ನಗುತ್ತಾ ಇನ್ನೊಮ್ಮೆ ಎಳೆದ. ಕಂಕುಳಿಗೆ ಕೈಹಾಕಿ, ಬಾಗಿಲ ಚೌಕಟ್ಟಿಗೆ ಕಾಲು ಕೊಟ್ಟು ಜಗ್ಗಿದ. ಅವಳು ಚೀರಿದಳು.

"ಬಿಡು! ಬಿಡು! ಕೆಳಗಡೆಯಿಂದ ಯಾರೋ ಹಿಡ್ಕೊಂಡಿದ್ದಾರೆ!"

"ಯಾರಿರ್ತಾರೆ ಕೋಲೀನ್? ಬಟ್ಟೆ ಸ್ಪ್ರಿಂಗಿಗೆ ಸಿಕ್ಕಿರಬೇಕು."

"ಬಟ್ಟೆ ಅಲ್ಲ. ತಣ್ಣಗಿದೆ. ಕೈ ಥರ ಇದೆ. ರಸಲ್, ಮೇಲೆ ಮೇಲೆ ಬರ್ತಿದೆ." ಅವಳ ಮುಖ ಸುಣ್ಣದಂತಾಗಿತ್ತು. "ಪಾದ ಗೊತ್ತಾಗ್ತಿಲ್ಲ. ನನ್ನ ಪಾದ ನನಗೆ ಗೊತ್ತಾಗ್ತಿಲ್ಲ!"

ಕೋಳಿ ಪುಕ್ಕ ಸುಟ್ಟ ವಾಸನೆ ಕಾರಿನೊಳಗೆ ಗವ್ವೆಂದು ಎದ್ದಿತು. ಹೊಗೆಮನೆಯಲ್ಲಿ ಮೂಗಿಗೆ ಬಡಿದಿದ್ದ ಅದೇ ವಾಸನೆ.

"ಅಗ್ನಿಶಾಮಕದವರಿಗೆ ಫೋನ್ ಮಾಡು," ಎಂದಳು ಅವಳು.

ಓಡಿದ. ಅಡುಗೆಮನೆಯ ಗೋಡೆಯ ಫೋನು ಎತ್ತಿದ. ಅಲ್ಲಿ ನಿಂತ. ಅವರು ಬಂದರೆ ಏನು ಮಾಡುತ್ತಾರೆಂದು ಅವನಿಗೆ ಗೊತ್ತು. ಹೈಡ್ರಾಲಿಕ್ ಕತ್ತರಿ ತರುತ್ತಾರೆ. ಮೊದಲು ಬಾಗಿಲು, ಆಮೇಲೆ ಛಾವಣಿಯ ಕಂಬ, ಆಮೇಲೆ ಛಾವಣಿ ಕತ್ತರಿಸುತ್ತಾರೆ. ಅಂಥ ಕಾರು ಇನ್ನೊಂದು ಸಿಗುವುದಿಲ್ಲ. ಅವನ ಬೆರಳು ವರ್ನಾ ಮೋಯರ್‌ಳ ನಂಬರು ಒತ್ತಿತು.

ಮುದುಕಿ ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಹೊಗೆಮನೆ ಬಾಗಿಲು ಕಿತ್ತಿದ್ದು ನೀನೇನೋ, ಪಾಪಿ? ಹೊತ್ತು ಮುಳುಗಿತಾ?"

"ಇನ್ನೂ ಇಲ್ಲ."

"ಹಾಗಾದ್ರೆ ಕೇಳು. ಕಾರು ಒಡಿ. ಸೇರಿಸಿದವನೇ ಒಡೀಬೇಕು. ಹೊತ್ತು ಮುಳುಗೋದರೊಳಗೆ ಒಡೆದರೆ ಬಿಡುತ್ತೆ, ಅವಳು ಎದ್ದು ನಡೀತಾಳೆ. ಐರೀನ್ ಕೂತ ದಿನ ಲಮಾರ್‌ಗೂ ಮಂತ್ರದವನು ಇದನ್ನೇ ಹೇಳಿದ್ದ. ಕಾರು ಹೊಸದು ಅಂತ ಅವನು ಮೀನ ಮೇಷ ಎಣಿಸಿದ, ಹೊತ್ತು ಮುಳುಗಿಹೋಯ್ತು. ಸೀಟಿಗೆ ಮಾತ್ರ ಕೈ ಹಚ್ಚಬೇಡ. ಕೇಳಿಸ್ತಾ? ಸೀಟಿಗೆ ಕೈ—"

ಅವನು ಆಗಲೇ ಫೋನು ಬಿಟ್ಟು ಓಡಿದ್ದ. ಸೌದೆಮನೆಯಿಂದ ಕೊಡಲಿ ತಂದ. ಕೊಟ್ಟಿಗೆಯ ಬಾಗಿಲಿನಿಂದ ಬಿಸಿಲು ಓರೆಯಾಗಿ ಬಿದ್ದು ಕಾರಿನ ಬಾನೆಟ್ಟು ಹೊಳೆಯುತ್ತಿತ್ತು.

"ಎಲ್ಲಿ ಅವರು? ಬರ್ತಿದ್ದಾರಾ?" ಎಂದಳು ಕೋಲೀನ್. ಆಮೇಲೆ ಕೊಡಲಿ ನೋಡಿದಳು. "ಅದ್ಯಾಕೆ?"

ಹೇಳಲೇಬೇಕಾಯಿತು. ಒಹಾಯೋ ಸುಳ್ಳು, ಆಣೆ ಸುಳ್ಳು, ಹೊಗೆಮನೆ ನಿಜ. ಮುದುಕಿ ಹೇಳಿದ್ದನ್ನೂ ಹೇಳಿದ. ಅವಳು ಬೈಯಲಿಲ್ಲ. ಬೈಯುವಷ್ಟು ಹೊತ್ತಿಲ್ಲವೆಂದು ಅವಳಿಗೆ ಅರ್ಥವಾಗಿತ್ತು.

"ಸರಿ. ಒಡಿ."

ಕೊಡಲಿ ಎತ್ತಿದ. ಬಾನೆಟ್ಟಿನ ಹಸಿರಿನಲ್ಲಿ ಅವನ ನೆರಳು ಕಂಡಿತು. ಮೂವತ್ತು ವರ್ಷದಿಂದ ಒಂದು ಗೀರೂ ಬೀಳದ ಬಣ್ಣ.

"ಒಡಿ ರಸಲ್! ಮೊಣಕಾಲಿಗೆ ಬಂತು!"

ಕೊಡಲಿ ಗಾಳಿಯಲ್ಲೇ ನಿಂತಿತು. ಆ ಗಳಿಗೆಯಲ್ಲಿ ಅವನ ತಲೆಯಲ್ಲಿ ಓಡಿದ್ದು ಏನೆಂದು ಹೇಳಿಬಿಡುತ್ತೇನೆ. ಬಾನೆಟ್ಟು ಬೇಡ. ಬಾಗಿಲು? ಬಾಗಿಲೂ ಬೇಡ. ಗಾಜು? ಕಾರ್ಖಾನೆಯ ಮುದ್ರೆ ಇರುವ ಗಾಜು ಎಲ್ಲಿ ಸಿಗುತ್ತದೆ? ಮಾಟ ಇರುವುದು ಸೀಟಿನೊಳಗೆ. ಮೊಳೆ, ನರ, ಕೂದಲು. ಅದನ್ನು ತೆಗೆದು ಬಿಸಾಕಿದರೆ ಆಯಿತಲ್ಲ? ಹೊಲಿಗೆಯ ಗೆರೆ ಹಿಡಿದು ಬಿಚ್ಚಿದರೆ ಮತ್ತೆ ಹೊಲಿಯಬಹುದು. ಯಾರಿಗೂ ಗೊತ್ತಾಗುವುದಿಲ್ಲ.

ಗಾಜಿನ ಆಚೆಯಿಂದ ಕೋಲೀನ್ ಅವನ ಮುಖವನ್ನೇ ನೋಡುತ್ತಿದ್ದಳು. ಹನ್ನೆರಡು ವರ್ಷದ ಸಂಸಾರ. ಅವನು ಯೋಚಿಸುತ್ತಿದ್ದದ್ದು ಅವಳಿಗೆ ಅಕ್ಷರ ಅಕ್ಷರವಾಗಿ ಕಾಣಿಸಿತು.

"ತೂಕ ಹಾಕ್ತಿದ್ದೀಯ," ಎಂದಳು ಮೆಲ್ಲಗೆ. "ನನ್ನನ್ನೂ ಕಾರನ್ನೂ ತೂಕ ಹಾಕ್ತಿದ್ದೀಯ."

"ಇಲ್ಲ ಕಣೇ, ಇಲ್ಲ. ಸುಲಭದ ದಾರಿ ಇದೆ. ಒಂದೇ ನಿಮಿಷ."

ಕೊಡಲಿ ಕೆಳಗಿಟ್ಟ. ಜೇಬಿನಿಂದ ಚಾಕು ತೆಗೆದ. ಬಲಬಾಗಿಲ ಬಳಿ ಮಂಡಿಯೂರಿ ಕೂತ. ಸೀಟಿನ ಮುಂದಂಚಿನಲ್ಲಿ, ಅವಳ ಮೊಣಕಾಲುಗಳ ಹಿಂದೆ, ಹೊಲಿಗೆ ನೆಟ್ಟಗೆ ಓಡಿತ್ತು. ಚಾಕುವಿನ ತುದಿಯನ್ನು ನಾಜೂಕಾಗಿ ಆ ಗೆರೆಗೆ ಇಟ್ಟ. ಎಡದಿಂದ ಬಲಕ್ಕೆ ಸರ್ರನೆ ಎಳೆದ.

ಬಟ್ಟೆಯ ಸದ್ದು ಬರಲಿಲ್ಲ. ಮಾಂಸದ ಸದ್ದು ಬಂತು.

ಕೋಲೀನ್ ಕೂಗಿದ ಕೂಗಿಗೆ ತೊಲೆಯ ಮೇಲಿದ್ದ ಪಾರಿವಾಳಗಳು ಪಟಪಟನೆ ಎದ್ದವು. ಬಿಚ್ಚಿದ ಹೊಲಿಗೆಯೊಳಗಿಂದ ಬಿಸಿ ರಕ್ತ ಅವನ ಮುಂಗೈಗೆ ಹರಿಯಿತು. ನೋಡಿದ. ಅವಳ ಎರಡೂ ಮೊಣಕಾಲ ಹಿಂಭಾಗ. ನೆಟ್ಟಗಿನ ಗೆರೆ. ಅವನ ಚಾಕು ಅವಳ ಮೈ ಸೋಕಿರಲಿಲ್ಲ. ಸೋಕಿಯೇ ಇರಲಿಲ್ಲ. ಗೆರೆ ಬಾಯಿ ಬಿಟ್ಟಿತು. ಒಳಗೆ ಬೆಳ್ಳಗೆ ಏನೋ ಕಂಡಿತು. ತುಂಡಾಗಿತ್ತು.

ಕೊಡಲಿ. ಕೊಡಲಿ ಎಲ್ಲಿ? ಸಿಕ್ಕಿತು. ಹೊಡೆದ. ಬಾನೆಟ್ಟು ಬಗ್ಗಿತು. ಹೊಡೆದ. ಗಾಜು ಪುಡಿಯಾಯಿತು. ದೀಪ ಹೋಯಿತು. ಲೋಹ ಕಿರುಚಿತು. ಹೊಡೆದ, ಹೊಡೆದ. ಅಳುತ್ತಾ ಹೊಡೆದ. ಬಾಗಿಲು ಜೋತುಬಿತ್ತು. ಬಿಸಿಲು ಇನ್ನೂ ಇತ್ತು. ಬೇಕಾದಷ್ಟು ಇತ್ತು. ಛಾವಣಿಯ ಕಂಬ ಮುರಿಯಿತು. ಕಾರಿನೊಳಗಿಂದ ಉದ್ದಕ್ಕೆ ಉಸಿರು ಬಿಟ್ಟಂಥ ಸದ್ದು. ಹೊಗೆಯ ವಾಸನೆ ಒಮ್ಮೆಗೇ ನಿಂತುಹೋಯಿತು. ಸೀಟು ಬಿಟ್ಟಿತು. ಕೋಲೀನ್ ಪಕ್ಕಕ್ಕೆ ವಾಲಿ ಅವನ ತೋಳಿಗೆ ಬಿದ್ದಳು, ತಾನೇ ತಾನಾಗಿ.

"ಬಿಟ್ಟಿತು! ಏಳು! ಬಿಟ್ಟಿತು ಕಣೇ, ನಡಿ!"

ಅವಳ ಪಾದದ ಬೆರಳುಗಳು ಅಲ್ಲಾಡುತ್ತಿದ್ದವು. ಚಳಿ ಗೊತ್ತಾಗುತ್ತಿತ್ತು, ನೋವು ಗೊತ್ತಾಗುತ್ತಿತ್ತು. ಮಾಟ ಪೂರ್ತಿ ಕಳಚಿಕೊಂಡಿತ್ತು. ಅವಳು ಏಳಲು ಒಮ್ಮೆ ಊರಿ ನೋಡಿದಳು. ಮಂಡಿಗಳು ಅವಳಡಿಯಲ್ಲಿ ಕುಸಿದವು.

ಆಂಬುಲೆನ್ಸಿನವರು ಬಂದರು. ಶಸ್ತ್ರಚಿಕಿತ್ಸೆ ಬೆಳಗಿನವರೆಗೂ ನಡೆಯಿತು. ಸ್ನಾಯುಗಳನ್ನು ಹೊಲಿದಿದ್ದೇವೆ, ಮೊದಲಿನ ಬಲ ಬರುವುದಿಲ್ಲ, ಕೋಲು ಹಿಡಿದು ಮನೆಯೊಳಗೆ ನಾಲ್ಕು ಹೆಜ್ಜೆ ಹಾಕುವಂತಾದರೆ ಅದೇ ದೊಡ್ಡದು, ಗುಡ್ಡ ಹತ್ತುವುದನ್ನು ಮರೆಯಬೇಕು ಎಂದ ಡಾಕ್ಟರು. ಹೇಳಿ ರಸಲ್‌ನನ್ನು ಒಂದು ಥರ ನೋಡಿ ಹೋದ.

ಹೊರಗೆ ಮೊಗಸಾಲೆಯಲ್ಲಿ ಹಿರಿಯ ಪೊಲೀಸಿನವನೊಬ್ಬ ಕಾಯುತ್ತಿದ್ದ.

"ಇನ್ನೊಮ್ಮೆ ಹೇಳಿ. ಚಾಕು ನಿಮ್ಮದು?"

"ನನ್ನದು. ಆದ್ರೆ ನಾನು ಕುಯ್ದಿದ್ದು ಸೀಟನ್ನ. ಸೀಟಿನ ಹೊಲಿಗೆ ಬಿಚ್ಚಿದೆ. ಹೋಗಿ ನೋಡಿ, ಕುಯ್ದ ಗುರುತು ಇದೆ."

"ನೋಡಿಬಂದೆ. ಕಾರೆಲ್ಲ ಪುಡಿಪುಡಿ ಮಾಡಿದ್ದೀರಿ. ಸೀಟಿನ ಮೇಲೆ ರಕ್ತ ಇದೆ. ಹೊಲಿಗೆ ಒಂದೂ ಬಿಟ್ಟಿಲ್ಲ."

ರಸಲ್ ಅವನ ತೋಳು ಹಿಡಿದ. "ವರ್ನಾ ಮೋಯರ್! ಅವರನ್ನ ಕೇಳಿ. ಅವರಿಗೆ ಎಲ್ಲ ಗೊತ್ತು."

"ಕೇಳಿದೆ. ಸೀಟು ಕಳುವಾಗಿದೆ ಅಂದರು. ಬೇರೇನೂ ಗೊತ್ತಿಲ್ಲವಂತೆ." ಪೊಲೀಸಿನವನು ಎದ್ದ. "ಬನ್ನಿ. ನಿಮ್ಮ ಹೆಂಡತಿಗೆ ಎಚ್ಚರವಾಗಿದೆ. ಅವರ ಬಾಯಿಂದಲೇ ಕೇಳೋಣ."

ಕೋಲೀನ್ ದಿಂಬಿಗೊರಗಿದ್ದಳು. ಹೊದಿಕೆಯ ಕೆಳಗೆ ಮೊಣಕಾಲುಗಳ ಕಡೆ ಎರಡು ದಪ್ಪ ಪಟ್ಟಿಗಳ ಉಬ್ಬು. ರಸಲ್ ಬಾಗಿಲಲ್ಲೇ ನಿಂತು ಕೈ ಮುಗಿಯುವ ಹಾಗೆ ಅವಳನ್ನೇ ನೋಡಿದ. ಆ ಕೊಟ್ಟಿಗೆಯಲ್ಲಿ ನಡೆದದ್ದೇನೆಂದು ಈ ಭೂಮಿಯ ಮೇಲೆ ಕಣ್ಣಾರೆ ಕಂಡಿದ್ದು ಅವರಿಬ್ಬರೇ. ಅವಳೊಂದು ಮಾತು ಹೇಳಿದರೆ ಸಾಕಿತ್ತು.

"ಅಮ್ಮಾ, ನಿಮ್ಮನ್ನ ಯಾರು ಹೀಗೆ ಮಾಡಿದ್ದು?" ಎಂದು ಕೇಳಿದ ಪೊಲೀಸಿನವನು. "ಅವರೇನೋ ಸೀಟು, ಮಾಟ ಅಂತ ಹೇಳ್ತಿದ್ದಾರೆ."

ಅವಳು ಗಂಡನ ಮುಖ ನೋಡಿದಳು. ಕೊಡಲಿ ಗಾಳಿಯಲ್ಲಿ ನಿಂತಾಗ ನೋಡಿದ್ದಳಲ್ಲ, ಅದೇ ಮುಖ.

"ಮಾಟ ನನ್ನನ್ನ ಬಿಟ್ಟುಬಿಡ್ತಿತ್ತು," ಎಂದಳು. "ಮಾಡಿದ್ದು ಇವನು. ಕೊಡಲಿ, ಚಾಕು ಎರಡೂ ಕೈಯಲ್ಲಿದ್ದವು. ಯೋಚನೆ ಮಾಡಿ ಚಾಕು ಆರಿಸಿಕೊಂಡ."

"ಕೋಲೀನ್," ಎಂದ ಅವನು.

ಅವಳು ಮುಖ ಗೋಡೆಯ ಕಡೆ ತಿರುಗಿಸಿದಳು. ಪೊಲೀಸಿನವನು ಸೊಂಟದಿಂದ ಕೋಳ ತೆಗೆದು, ಅವನ ತೋಳು ಹಿಡಿದು ಮೊಗಸಾಲೆಗೆ ಕರೆದುಕೊಂಡು ಹೋದ.